ತೊಡೆಸಂದಿನ ನೋವು: ವಾರಗಳ ಲೆಕ್ಕ ತಪ್ಪಿದಾಗ

ಹೊಟ್ಟೆಯ ಕೆಳಭಾಗವೂ ತೊಡೆಯೂ ಕೂಡುವ ಮಡಿಕೆಗೆ ತೊಡೆಸಂದು ಎಂದು ಹೆಸರು. ಫುಟ್‌ಬಾಲ್ ಆಡುವವರ ದೇಹದಲ್ಲಿ ಪದೇ ಪದೇ ನೋಯುವ ಜಾಗಗಳಲ್ಲಿ ಇದೂ ಒಂದು. ಕ್ಲಬ್ ಫುಟ್‌ಬಾಲ್ ಕುರಿತ ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ ಪರಾಮರ್ಶೆಯೊಂದು 2015ರಲ್ಲಿ ಪ್ರಕಟವಾಯಿತು. ಅದರಂತೆ ಪುರುಷ ಆಟಗಾರರಿಗೆ ಆಗುವ ಒಟ್ಟು ಗಾಯಗಳಲ್ಲಿ ಶೇ 4ರಿಂದ 19ರಷ್ಟು, ಮಹಿಳೆಯರಲ್ಲಿ ಶೇ 2ರಿಂದ 14ರಷ್ಟು ತೊಡೆಸಂದಿಗೆ ಸೇರಿದವು. ಆಟ ಬಿಟ್ಟು ಕೂತವರನ್ನಷ್ಟೇ ಎಣಿಸುವ ಲೆಕ್ಕಕ್ಕೆ, ನೋವು ನುಂಗಿಕೊಂಡು ಆಡುತ್ತಲೇ ಇರುವವರು ಸಿಗುವುದಿಲ್ಲ.

ಕಾಲು ಮುರಿದರೆ ಮೈದಾನವೆಲ್ಲ ಓಡಿಬರುತ್ತದೆ. ತೊಡೆಸಂದಿನ ನೋವು ಹಾಗೆ ಬರುವುದು ಕಡಿಮೆ. ಪಂದ್ಯದ ಮರುದಿನ ಹಾಸಿಗೆಯಿಂದ ಏಳುವಾಗ ಒಂದು ಚಳುಕು, ಸೈಕಲ್ ಹತ್ತಲು ಕಾಲೆತ್ತಿದಾಗ ಇನ್ನೊಂದು. ಮೈ ಬಿಸಿಯಾದರೆ ಮಾಯ, ಆಟ ಮುಗಿದು ಮೈ ತಣ್ಣಗಾದರೆ ಮತ್ತೆ ಹಾಜರು. ಹೀಗೆ ಮೂರು ನಾಲ್ಕು ವಾರ ಕಳೆದ ಮೇಲೆ ಒಂದು ದಿನ ಚೆಂಡು ಒದೆಯಲಾಗದೆ ಹುಡುಗ ಕೂತುಬಿಡುತ್ತಾನೆ. ಅಂದಿನ ಒದೆತವೇ ನೋವಿಗೆ ಕಾರಣ ಎಂದು ಎಲ್ಲರೂ ತಿಳಿಯುತ್ತಾರೆ. ಅದರ ಬೇರು ಬಹುಪಾಲು ಹಿಂದಿನ ವಾರಗಳಲ್ಲಿರುತ್ತದೆ.

ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲ್ಲೂಕುಗಳ ಶಾಲಾ ಮೈದಾನಗಳಲ್ಲಿ ಈ ವಾರಗಳ ಆಟದ ಲೆಕ್ಕ ತಪ್ಪುವುದಕ್ಕೆ ಸಾಕಷ್ಟು ಕಾರಣಗಳಿವೆ: ಶಾಲಾ ಕ್ರೀಡಾಕೂಟದ ವೇಳಾಪಟ್ಟಿ, ಒಬ್ಬರೇ ನಾಲ್ಕು ಆಟ ಆಡುವ ರೂಢಿ, ಎರೆಮಣ್ಣಿನ ನೆಲ ಮತ್ತು ಬೆಳೆಯುವ ವಯಸ್ಸು.

ಹಗ್ಗಜಗ್ಗಾಟದ ಜಾಗ

ಒಳತೊಡೆಯಲ್ಲಿ ಐದು ಸ್ನಾಯುಗಳ ಒಂದು ಗುಂಪಿದೆ. ಹೊರಕ್ಕೆ ಹೋದ ಕಾಲನ್ನು ಒಳಕ್ಕೆ ಎಳೆದು ತರುವುದು ಅವುಗಳ ಮುಖ್ಯ ಕೆಲಸ. ಇಂಗ್ಲಿಷ್ ವೈದ್ಯಶಾಸ್ತ್ರ ಇವನ್ನು ಅಡಕ್ಟರ್‌ಗಳು ಎನ್ನುತ್ತದೆ. ಇವುಗಳಲ್ಲಿ ಅಡಕ್ಟರ್ ಲಾಂಗಸ್ ಎಂಬುದು ಸೊಂಟದ ಕಟ್ಟಿನ ಮುಂಭಾಗದಲ್ಲಿರುವ ಪ್ಯೂಬಿಕ್ ಮೂಳೆಗೆ ಕೆಳಗಿನಿಂದ ಬಂದು ಅಂಟಿಕೊಳ್ಳುತ್ತದೆ. ಅದೇ ಮೂಳೆಗೆ ಮೇಲಿನಿಂದ ಹೊಟ್ಟೆಯ ನೇರ ಸ್ನಾಯು ಬಂದು ಸೇರುತ್ತದೆ. ಒಂದು ಕೆಳಕ್ಕೆ ಜಗ್ಗುತ್ತದೆ, ಇನ್ನೊಂದು ಮೇಲಕ್ಕೆ. ಹಗ್ಗಜಗ್ಗಾಟದಲ್ಲಿ ನಡುವಿನ ಗಂಟಿಗೆ ಬೀಳುವ ಎಳೆತವೇ ಈ ಮೂಳೆಗೆ ಪ್ರತಿ ಒದೆತದಲ್ಲೂ ಬೀಳುತ್ತದೆ.

ಚೆಂಡು ಒದೆಯುವ ಕಾಲು ಮೊದಲು ಹಿಂದಕ್ಕೂ ಸ್ವಲ್ಪ ಹೊರಕ್ಕೂ ಹೋಗುತ್ತದೆ. ಆ ತುದಿಯಲ್ಲಿ ಒಳತೊಡೆಯ ಸ್ನಾಯು ಉದ್ದಕ್ಕೆ ಹಿಗ್ಗಿರುತ್ತದೆ, ಅದೇ ಕ್ಷಣದಲ್ಲಿ ಬಿಗಿಯಾಗಿ ಕಾಲನ್ನು ಮುಂದಕ್ಕೆ ತಿರುಗಿಸುತ್ತದೆ. ಹಿಗ್ಗಿದ ಸ್ಥಿತಿಯಲ್ಲಿ ಬಿಗಿಯುವುದೇ ಸ್ನಾಯುವಿಗೆ ಎಲ್ಲಕ್ಕಿಂತ ದುಬಾರಿ ಕೆಲಸ. ಓಡುತ್ತ ಓಡುತ್ತ ದಿಕ್ಕು ಬದಲಿಸುವಾಗ, ಎದುರಾಳಿಯ ಚೆಂಡಿಗೆ ಕಾಲು ಚಾಚಿದಾಗ, ಒದ್ದೆ ನೆಲದಲ್ಲಿ ಅಂಗಾಲು ಹೊರಕ್ಕೆ ಜಾರಿದಾಗ ಆಗುವುದೂ ಇದೇ. ತೊಡೆಸಂದಿಗೆ ಒಮ್ಮೆಲೇ ಆಗುವ ಗಾಯಗಳಲ್ಲಿ ಹೆಚ್ಚಿನವು ಅಡಕ್ಟರ್ ಲಾಂಗಸ್‌ನವು. ಫುಟ್‌ಬಾಲ್‌ನಲ್ಲಿ ಒದೆತವೇ ಅದಕ್ಕೆ ಮೊದಲ ಕಾರಣ.

ಕಬಡ್ಡಿಯ ದಾಳಿಗಾರ ಬೋನಸ್ ಗೆರೆಗೆ ಕಾಲು ಚಾಚುವುದು, ಹಿಡಿದವರ ಕೈಯಿಂದ ಕಾಲು ಎಳೆದುಕೊಳ್ಳುವುದು ಇದೇ ಸ್ನಾಯುಗಳ ಬಲದಿಂದ. ಕೊಕ್ಕೊದಲ್ಲಿ ಕೂತಲ್ಲಿಂದ ಚಿಮ್ಮಿ ಎದ್ದು ಕಂಬದ ಬಳಿ ತಿರುಗುವುದಕ್ಕೂ, ಕುಸ್ತಿಯಲ್ಲಿ ಕಾಲು ಅಗಲಿಸಿ ಊರಿ ನಿಲ್ಲುವುದಕ್ಕೂ ಇವೇ ಬೇಕು. ಆಟ ಬೇರೆಯಾದರೂ ದುಡಿಯುವ ಸ್ನಾಯು ಒಂದೇ.

ಬೆಳೆಯುವ ಮೂಳೆ, ಹಿಂದುಳಿಯುವ ಸ್ನಾಯು

ದೊಡ್ಡವರಲ್ಲಿ ಇಂಥ ಎಳೆತಕ್ಕೆ ಮೊದಲು ಸೋಲುವುದು ಸ್ನಾಯು ಅಥವಾ ಅದನ್ನು ಮೂಳೆಗೆ ಬಿಗಿಯುವ ಸ್ನಾಯುರಜ್ಜು. ಮಕ್ಕಳ ಕತೆ ಬೇರೆ. ಬೆಳೆಯುವ ಮೂಳೆಯ ಅಂಚಿನಲ್ಲಿ, ಸ್ನಾಯುರಜ್ಜು ಬಂದು ಅಂಟುವ ಕಡೆ, ಇನ್ನೂ ಗಟ್ಟಿಯಾಗದ ಮೃದ್ವಸ್ಥಿಯ ಪದರವಿರುತ್ತದೆ. ಆ ವಯಸ್ಸಿನಲ್ಲಿ ಸರಪಳಿಯ ದುರ್ಬಲ ಕೊಂಡಿ ಅದೇ. ಪದೇ ಪದೇ ಜಗ್ಗಿದರೆ ಅದು ಉರಿಯೂತಗೊಂಡು ನೋಯುತ್ತದೆ. ಮಂಡಿಯ ಕೆಳಗೆ ಗುಬ್ಬಿಯಂತೆ ಉಬ್ಬುವ ನೋವು, ಹಿಮ್ಮಡಿಯ ಹಿಂಭಾಗದ ನೋವು ಇದೇ ಜಾತಿಯವು. ಪ್ಯೂಬಿಕ್ ಮೂಳೆಯ ಪದರ ಬಹಳ ತಡವಾಗಿ ಬಲಿಯುತ್ತದೆ. 20 ದಾಟಿದ ಮೇಲೂ ಕೆಲವರಲ್ಲಿ ಅದು ಪೂರ್ತಿ ಗಟ್ಟಿಯಾಗಿರುವುದಿಲ್ಲ. ಹದಿಹರೆಯದ ಫುಟ್‌ಬಾಲ್ ಆಟಗಾರರಲ್ಲಿ ಈ ಪದರವೇ ನೋವಿನ ಮೂಲವಾಗಿರಬಹುದೆಂದು ಕ್ರೀಡಾವೈದ್ಯರು ವಿವರವಾಗಿ ದಾಖಲಿಸಿದ್ದು 2015ರಲ್ಲಿ. ಅಲ್ಲಿಯವರೆಗೆ ಅದು ಬರೀ ಸ್ನಾಯು ಸೆಳೆತವೆಂದೇ ಹೆಸರು ಪಡೆಯುತ್ತಿತ್ತು.

ಎತ್ತರ ಅತಿ ವೇಗದಲ್ಲಿ ಹೆಚ್ಚುವ ಕಾಲ ಹುಡುಗಿಯರಿಗೆ ಸುಮಾರು 12, ಹುಡುಗರಿಗೆ ಸುಮಾರು 14ನೆಯ ವಯಸ್ಸಿಗೆ ಬರುತ್ತದೆ. ಅಂದರೆ ಏಳನೆಯ ತರಗತಿಯಿಂದ ಒಂಬತ್ತನೆಯ ತರಗತಿಯ ಆಸುಪಾಸು. ಒಂದೇ ವರ್ಷದಲ್ಲಿ 8–10 ಸೆಂಟಿಮೀಟರ್ ಬೆಳೆಯುವ ಹುಡುಗರಿದ್ದಾರೆ. ಮೂಳೆ ಮೊದಲು ಉದ್ದವಾಗುತ್ತದೆ, ಸ್ನಾಯುವಿನ ಉದ್ದವೂ ಬಲವೂ ಆಮೇಲೆ ಬರುತ್ತವೆ. ಕಾಲು ಉದ್ದವಾದಷ್ಟೂ ಅದನ್ನು ಬೀಸಲು ಹೆಚ್ಚು ಬಲ ಬೇಕು. ಆ ಬಲ ಇನ್ನೂ ಕೂಡಿರುವುದಿಲ್ಲ. ಎತ್ತರವಾಗುತ್ತಿರುವ ಹುಡುಗನೇ ತಂಡಕ್ಕೆ ಮೊದಲು ಆಯ್ಕೆಯಾಗುವುದರಿಂದ, ಅತಿ ನಾಜೂಕಾದ ತಿಂಗಳುಗಳಲ್ಲೇ ಅತಿ ಹೆಚ್ಚು ಆಟ ಅವನ ಪಾಲಿಗೆ ಬರುತ್ತದೆ.

ಈ ವಯಸ್ಸಿನ ಅತಿಯಾದ ಆಟ ಸೊಂಟದ ಕೀಲಿನ ಆಕಾರವನ್ನೂ ಬದಲಿಸಬಲ್ಲದು. ತೊಡೆಮೂಳೆಯ ಗುಂಡುತಲೆಯ ಅಂಚಿನಲ್ಲಿ ಹೆಚ್ಚುವರಿ ಮೂಳೆ ಉಬ್ಬುವುದನ್ನು ಕ್ಯಾಮ್ ಎನ್ನುತ್ತಾರೆ. ನೆದರ್ಲೆಂಡ್ಸ್‌ನ ಕಿರಿಯ ಫುಟ್‌ಬಾಲ್ ಆಟಗಾರರನ್ನು ವರ್ಷಗಟ್ಟಲೆ ಹಿಂಬಾಲಿಸಿದ ಅಧ್ಯಯನದಲ್ಲಿ ಈ ಉಬ್ಬು ಬೆಳವಣಿಗೆಯ ವರ್ಷಗಳಲ್ಲಿ ಮೂಡಿ, ಬೆಳವಣಿಗೆಯ ಪದರ ಮುಚ್ಚಿದ ಮೇಲೆ ಹೆಚ್ಚುಕಡಿಮೆ ನಿಂತುಹೋದದ್ದು ಕಂಡಿತು. ಹೀಗೆ ಉಬ್ಬಿದವರೆಲ್ಲರಿಗೂ ನೋವು ಬರುವುದಿಲ್ಲ. ಬಂದರೆ ಮಾತ್ರ ಅದು ಮುಂದೆ ಬಹಳ ವರ್ಷ ಜತೆಗಿರುತ್ತದೆ.

ವೈದ್ಯರು, ಫಿಸಿಯೊಥೆರಪಿಸ್ಟರು, ಹುಲ್ಲುಹಾಸು ಎಲ್ಲವೂ ಇರುವ ಕಡೆಯೂ ಈ ನೋವು ಬಿಡುವುದಿಲ್ಲ. ಬಾರ್ಸಿಲೋನಾದ ಫುಟ್‌ಬಾಲ್ ಆಟಗಾರ ಲಮೀನ್ ಯಮಾಲ್ 15ನೆಯ ವಯಸ್ಸಿಗೆ ಕ್ಲಬ್‌ನ ಮೊದಲ ತಂಡಕ್ಕೆ ಬಂದರು, 18 ತುಂಬುವ ಮೊದಲೇ ಕ್ಲಬ್ ಪರ 100 ಪಂದ್ಯ ಮುಗಿಸಿದರು. 2025ರ ಸೆಪ್ಟೆಂಬರ್‌ನಲ್ಲಿ ಪ್ಯೂಬಿಕ್ ಭಾಗದ ನೋವು ಅವರನ್ನು ಪಂದ್ಯಗಳಿಂದ ಹೊರಗಿಟ್ಟಿತು. ನವೆಂಬರ್‌ನಲ್ಲಿ ಚಿಕಿತ್ಸೆ ಪಡೆದ ಕಾರಣ ಸ್ಪೇನ್ ತಂಡದ ಶಿಬಿರದಿಂದಲೂ ಹೊರಬಂದರು. ಕ್ಲಬ್ ಮತ್ತು ರಾಷ್ಟ್ರೀಯ ತಂಡದ ನಡುವೆ ಆಗ ಎದ್ದ ಜಗಳದ ತಿರುಳು ಒಂದೇ ಆಗಿತ್ತು: ಒಂದೇ ದೇಹವನ್ನು ಎರಡು ಕಡೆಯವರು ಬಳಸುವಾಗ ಒಟ್ಟು ಹೊರೆಯ ಲೆಕ್ಕ ಇಡುವವರು ಯಾರು?

ಹೊರೆ ಎಂದರೆ ಎಷ್ಟು?

ತರಬೇತಿ ಹೊರೆ ಎಂದರೆ ದೇಹ ಮಾಡಿದ ಒಟ್ಟು ದುಡಿತ. ಅದನ್ನು ಅಳೆಯಲು ದುಬಾರಿ ಯಂತ್ರ ಬೇಕಿಲ್ಲ. ಅಮೆರಿಕದ ಕ್ರೀಡಾವಿಜ್ಞಾನಿ ಕಾರ್ಲ್ ಫಾಸ್ಟರ್ ರೂಢಿಗೆ ತಂದ ಸುಲಭ ವಿಧಾನವೊಂದಿದೆ. ಅಭ್ಯಾಸ ಮುಗಿದ ಸುಮಾರು ಅರ್ಧ ಗಂಟೆಯ ಮೇಲೆ ಆಟಗಾರನನ್ನು ‘ಇವತ್ತು ಎಷ್ಟು ಕಷ್ಟ ಆಯಿತು?’ ಎಂದು ಕೇಳುವುದು. ಸೊನ್ನೆ ಎಂದರೆ ಪೂರ್ತಿ ಆರಾಮ, 10 ಎಂದರೆ ಇನ್ನು ಸಾಧ್ಯವೇ ಇಲ್ಲ. ಆ ಅಂಕವನ್ನು ಅಭ್ಯಾಸದ ನಿಮಿಷಗಳಿಂದ ಗುಣಿಸಿದರೆ ಅಂದಿನ ಹೊರೆ ಸಿಗುತ್ತದೆ.

ಉದಾಹರಣೆಗೆ, ಶಾಲಾ ಹುಡುಗನೊಬ್ಬ ವಾರಕ್ಕೆ ನಾಲ್ಕು ದಿನ, ದಿನಕ್ಕೆ 50 ನಿಮಿಷ, ಕಷ್ಟದ ಅಂಕ 5ರಂತೆ ಆಡುತ್ತಾನೆ ಎನ್ನೋಣ. ಅವನ ವಾರದ ಹೊರೆ 1000. ತಾಲ್ಲೂಕು ಮಟ್ಟದ ಪಂದ್ಯದ ವಾರ ಬರುತ್ತದೆ. ಅಭ್ಯಾಸ ನಾಲ್ಕೇ ದಿನವಾದರೂ 60 ನಿಮಿಷಕ್ಕೆ ಏರುತ್ತದೆ, ಕಷ್ಟದ ಅಂಕ 6 ಆಗುತ್ತದೆ: 1440. ಜತೆಗೆ 50 ನಿಮಿಷದ ಎರಡು ಪಂದ್ಯ, ಕಷ್ಟದ ಅಂಕ 8: ಇನ್ನೊಂದು 800. ಒಟ್ಟು 2240. ನೋಡುವವರಿಗೆ ಅಭ್ಯಾಸಕ್ಕೆ ದಿನಕ್ಕೆ ಹತ್ತು ನಿಮಿಷ, ಮೇಲೆ ಎರಡು ಪಂದ್ಯ ಅಷ್ಟೇ ಹೆಚ್ಚಾದದ್ದು. ದೇಹಕ್ಕೆ ಬಿದ್ದದ್ದು ಎರಡೂಕಾಲು ಪಟ್ಟು.

ಈ ವಾರದ ಹೊರೆಯನ್ನು ಹಿಂದಿನ ನಾಲ್ಕು ವಾರಗಳ ಸರಾಸರಿಯೊಂದಿಗೆ ಹೋಲಿಸುವ ಪದ್ಧತಿಯನ್ನು ಆಸ್ಟ್ರೇಲಿಯಾದ ಟಿಮ್ ಗ್ಯಾಬೆಟ್ 2016ರಲ್ಲಿ ಜನಪ್ರಿಯಗೊಳಿಸಿದರು. ಅನುಪಾತ 0.8ರಿಂದ 1.3ರೊಳಗೆ ಇದ್ದರೆ ವಾಸಿ, 1.5 ದಾಟಿದರೆ ಗಾಯದ ಸಂಭವ ಹೆಚ್ಚು ಎಂಬುದು ಅವರ ವಾದ. ಈ ಅಂಕಿಗಳನ್ನು ಕಲ್ಲಿನ ಗೆರೆಯಂತೆ ಬಳಸುವುದು ತಪ್ಪೆಂದು ಬೇರೆ ಸಂಶೋಧಕರು ಕಟುವಾಗಿ ಟೀಕಿಸಿದ್ದಾರೆ. ಟೀಕೆ ಅನುಪಾತದ ಗಣಿತಕ್ಕೆ. ರೂಢಿಯಿಲ್ಲದ ಹೊರೆಯನ್ನು ಒಮ್ಮೆಲೇ ಹೇರಬಾರದು, ಏರಿಕೆ ಮೆಟ್ಟಿಲು ಮೆಟ್ಟಿಲಾಗಿರಬೇಕು ಎಂಬ ಮೂಲ ಮಾತನ್ನು ತರಬೇತುದಾರರು ಬಿಟ್ಟಿಲ್ಲ.

ಉತ್ತರ ಕರ್ನಾಟಕದ ಗರಡಿಮನೆಗಳಿಗೆ ಈ ಮಾತು ಹೊಸದಲ್ಲ. ಹೊಸ ಹುಡುಗ ಮೊದಲ ದಿನವೇ ನೂರು ಬೈಠಕ್ ಹೊಡೆಯುವುದನ್ನು ಬಲ್ಲ ವಸ್ತಾದಿ ಒಪ್ಪುವುದಿಲ್ಲ. ಎಣಿಕೆ ದಿನದಿಂದ ದಿನಕ್ಕೆ ಏರುತ್ತದೆ. ಹೊರೆಯ ವಿಜ್ಞಾನ ಅದೇ ಎಣಿಕೆಯನ್ನು ಚೆಂಡಿನ ಆಟಕ್ಕೂ ಕೇಳುತ್ತದೆ.

ಜೂನ್‌ನಿಂದ ಅಕ್ಟೋಬರ್‌ವರೆಗೆ

ಏಪ್ರಿಲ್, ಮೇ ತಿಂಗಳಲ್ಲಿ ಶಾಲೆಗೆ ಬೇಸಿಗೆ ರಜೆ. ಸವದತ್ತಿ, ರಾಮದುರ್ಗದ ಕಡೆ ಹೊತ್ತು ಏರುವ ಮುನ್ನ ಇಲ್ಲವೇ ಇಳಿಹೊತ್ತಿನಲ್ಲಿ ಮಾತ್ರ ಹೊರಗೆ ಆಡುವಂಥ ಬಿಸಿಲು. ಕೆಲವು ಮಕ್ಕಳು ಕ್ರಿಕೆಟ್ ಆಡುತ್ತಾರೆ, ಕೆಲವರು ಹೊಲದ ಕೆಲಸಕ್ಕೆ ಹೋಗುತ್ತಾರೆ. ಚೆಂಡು ಒದೆಯುವ, ಗಕ್ಕನೆ ತಿರುಗುವ ಕೆಲಸ ಒಳತೊಡೆಗೆ ಎರಡು ತಿಂಗಳು ಇರುವುದೇ ಇಲ್ಲ.

ಶಾಲೆ ತೆರೆಯುತ್ತಿದ್ದಂತೆ ಕ್ರೀಡಾಕೂಟಗಳ ಸರಣಿ ಶುರು. ವಲಯ ಅಥವಾ ಹೋಬಳಿ, ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಹೀಗೆ ಏರುವ ಮೆಟ್ಟಿಲುಗಳಲ್ಲಿ ಕೆಳಗಿನವು ಮುಂಗಾರಿನ ತಿಂಗಳುಗಳಲ್ಲೇ ಮುಗಿಯಬೇಕು. ಭಾರತೀಯ ವಾಯುಪಡೆಯ ಮುಂದಾಳತ್ವದಲ್ಲಿ 1960ರಿಂದ ನಡೆದುಬಂದ ಅಂತರಶಾಲಾ ಫುಟ್‌ಬಾಲ್ ಪಂದ್ಯಾವಳಿ ಸುಬ್ರತೋ ಕಪ್‌ಗೆ ಆಡುವ ಶಾಲೆಗಳಿಗೆ ಇನ್ನೂ ಅವಸರ. ಅದರ ರಾಷ್ಟ್ರೀಯ ಸುತ್ತು ಇತ್ತೀಚೆಗೆ ಆಗಸ್ಟ್–ಸೆಪ್ಟೆಂಬರ್ ಸುಮಾರಿಗೆ ನಡೆಯುವುದರಿಂದ ಕೆಳಹಂತದ ಪಂದ್ಯಗಳು ಶಾಲೆ ತೆರೆದ ಕೆಲವೇ ವಾರಗಳಲ್ಲಿ ಬರುತ್ತವೆ. ಬಳಿಕ ದಸರಾ ಕ್ರೀಡಾಕೂಟ. ಅಕ್ಟೋಬರ್ 23ರಿಂದ 25ರವರೆಗೆ ಕಿತ್ತೂರು ಉತ್ಸವ, ಅದರ ಕುಸ್ತಿ ಮತ್ತಿತರ ಸ್ಪರ್ಧೆಗಳು. ಗೆದ್ದವರಿಗೆ ಮುಂದಿನ ಹಂತ, ಸೋತವರಿಗೆ ವಿಶ್ರಾಂತಿ. ಹಾಗಾಗಿ ಹೊರೆ ಅತಿ ಹೆಚ್ಚು ಬೀಳುವುದು ಅತ್ಯುತ್ತಮ ಆಟಗಾರರ ಮೇಲೆಯೇ.

ಶಾಲೆ ಚಿಕ್ಕದಾದಷ್ಟೂ ಈ ಭಾರ ಕೆಲವೇ ಮಕ್ಕಳ ಮೇಲೆ ಕೂಡುತ್ತದೆ. ಬೈಲಹೊಂಗಲ ಅಥವಾ ರಾಮದುರ್ಗದ ಹಳ್ಳಿಯ ಪ್ರೌಢಶಾಲೆಯಲ್ಲಿ ವೇಗವಾಗಿ ಓಡುವ ಹುಡುಗ ಫುಟ್‌ಬಾಲ್‌ಗೂ ಬೇಕು, ಕಬಡ್ಡಿಗೂ ಬೇಕು, ಕೊಕ್ಕೊಗೂ ಬೇಕು, ರಿಲೇ ಓಟಕ್ಕೂ ಬೇಕು. ಒಂದೊಂದು ಆಟದ ಅಭ್ಯಾಸವೂ ಬಿಡಿಬಿಡಿಯಾಗಿ ನೋಡಿದರೆ ಸಾಧಾರಣ. ಒಳತೊಡೆಯ ಸ್ನಾಯು ಅವನ್ನು ಬಿಡಿಬಿಡಿಯಾಗಿ ನೋಡುವುದಿಲ್ಲ. ಶಾಲೆಗೆ ಸೈಕಲ್ ತುಳಿದ ದೂರ, ಬೆಳಗಿನ ಹೊಲದ ಕೆಲಸ, ಕ್ರೀಡಾಕೂಟಕ್ಕೆ ಬಸ್ಸಿನಲ್ಲಿ ಕೂತ ಗಂಟೆಗಳು, ತಪ್ಪಿದ ನಿದ್ದೆ ಎಲ್ಲವೂ ಅದೇ ಖಾತೆಗೆ ಜಮಾ ಆಗುತ್ತವೆ. ರಾಮದುರ್ಗದಿಂದ ಬೆಳಗಾವಿಗೆ ಸುಮಾರು 100 ಕಿಲೋಮೀಟರ್. ನಸುಕಿನಲ್ಲಿ ಹೊರಟು ಹಗಲು ಪಂದ್ಯ ಆಡಿ ರಾತ್ರಿ ಮರಳುವ ತಂಡದ ದಣಿವು ಪಂದ್ಯದ ನಿಮಿಷಗಳಲ್ಲಿ ಕಾಣದು.

ವಸತಿ ಶಾಲೆಗಳ ಸ್ಥಿತಿ ಸ್ವಲ್ಪ ಬೇರೆ. ರಾಮದುರ್ಗ ತಾಲ್ಲೂಕಿನ ಚಂದರಗಿಯಲ್ಲಿ ಕ್ರೀಡಾ ವಸತಿ ಶಾಲೆಯಿದೆ. ಕಿತ್ತೂರಿನಲ್ಲಿ 1969ರಲ್ಲಿ ಆರಂಭವಾದ ರಾಣಿ ಚನ್ನಮ್ಮ ಹೆಸರಿನ ಬಾಲಕಿಯರ ಸೈನಿಕ ವಸತಿ ಶಾಲೆಯಿದೆ. ಇಂಥ ಕಡೆ ಬೆಳಗಿನ ಕಸರತ್ತು, ಸಂಜೆಯ ಆಟ, ಊಟ, ನಿದ್ದೆ ಎಲ್ಲ ಒಂದೇ ಆವರಣದಲ್ಲಿ ನಡೆಯುತ್ತದೆ. ಲೆಕ್ಕ ಇಡುವುದು ಮನೆಯಿಂದ ಬರುವ ಮಕ್ಕಳಿಗಿಂತ ಇಲ್ಲಿ ಸುಲಭ.

ಎರೆಮಣ್ಣಿನ ಪಾಲು

ಮಲಪ್ರಭಾ ನದಿಯ ಬಯಲಿನ ಬಹುಭಾಗ ಎರೆಭೂಮಿ. ಹತ್ತಿಗೂ ಜೋಳಕ್ಕೂ ಹೇಳಿ ಮಾಡಿಸಿದ ಈ ಮಣ್ಣು ಆಟದ ಮೈದಾನಕ್ಕೆ ಅಷ್ಟು ಸ್ನೇಹಿಯಲ್ಲ. ಬೇಸಿಗೆಯಲ್ಲಿ ಬಿರಿದು ಸೀಳು ಬಿಡುತ್ತದೆ. ಮಳೆ ಬಿದ್ದರೆ ಬೂಟಿಗೂ ಬರಿಗಾಲಿಗೂ ಮುದ್ದೆಯಾಗಿ ಮೆತ್ತಿಕೊಂಡು ಪಾದದ ತೂಕ ಹೆಚ್ಚಿಸುತ್ತದೆ. ಮೇಲ್ಪದರ ನುಣ್ಣಗಾಗಿ ಊರಿದ ಕಾಲು ಹೊರಕ್ಕೆ ಜಾರುತ್ತದೆ. ಆರಿದ ಮೇಲೆ ದನದ ಗೊರಸು, ಟ್ರ್ಯಾಕ್ಟರ್ ಗಾಲಿಯ ಗುರುತು ಕಲ್ಲಿನಂತೆ ಉಳಿದು ಕಾಲು ಒರಟಾಗಿ ಹೊರಳುತ್ತದೆ. ಪಂದ್ಯಗಳು ಮುಂಗಾರಿನಲ್ಲೇ ಬರುವುದರಿಂದ ಜಾರುವ ನೆಲ ಮತ್ತು ಏರಿದ ಹೊರೆ ಒಂದೇ ವಾರದಲ್ಲಿ ಕೂಡುತ್ತವೆ. ಮಳೆ ನಿಂತ ಮಾರನೆಯ ದಿನ ಒದೆತ ಮತ್ತು ತಿರುಗಾಟದ ಅಭ್ಯಾಸ ಕಡಿಮೆ ಮಾಡಿ, ಪಕ್ಕದ ಗಟ್ಟಿ ಜಾಗದಲ್ಲಿ ಹಗುರ ಓಟ ಮತ್ತು ಬಲದ ವ್ಯಾಯಾಮ ಮಾಡಿಸುವುದು ಲೇಸು.

ಖಾಲಿ ಬೇಸಿಗೆಯ ಬೆಲೆ

ಹೆಚ್ಚು ಆಡಿದರೆ ನೋವು, ಆದ್ದರಿಂದ ಆಡದಿದ್ದರೆ ಕ್ಷೇಮ ಎಂಬ ತೀರ್ಮಾನ ಸರಿಯಲ್ಲ. ಉತ್ತರ ಅಮೆರಿಕದ ಐಸ್ ಹಾಕಿ ಲೀಗ್‌ನ ಸಾವಿರಕ್ಕೂ ಹೆಚ್ಚು ಆಟಗಾರರ ಬಗೆಗೆ 2001ರಲ್ಲಿ ಪ್ರಕಟವಾದ ಅಧ್ಯಯನ ಇದಕ್ಕೆ ಸಾಕ್ಷಿ. ಹಾಕಿ ಸ್ಕೇಟಿಂಗ್ ಕೂಡ ಒಳತೊಡೆಯ ಆಟ. ಬಿಡುವಿನ ತಿಂಗಳುಗಳಲ್ಲಿ ತಮ್ಮ ಆಟಕ್ಕೆ ಒಪ್ಪುವ ಅಭ್ಯಾಸವನ್ನು 18 ಸಲಕ್ಕಿಂತ ಕಡಿಮೆ ಮಾಡಿದವರಿಗೆ ಋತುವಿನ ಆರಂಭದ ತರಬೇತಿಯಲ್ಲಿ ತೊಡೆಸಂದಿನ ಗಾಯದ ಸಂಭವ ಮೂರು ಪಟ್ಟಿಗೂ ಹೆಚ್ಚಿತ್ತು. ಹಾಕಿ ಆಟಗಾರರ ಇನ್ನೊಂದು ಅಧ್ಯಯನದಲ್ಲಿ, ಒಳತೊಡೆಯ ಬಲ ಹೊರತೊಡೆಯ ಬಲದ ಶೇ 80ಕ್ಕಿಂತ ಕಡಿಮೆ ಇದ್ದವರು ಬಹಳ ಹೆಚ್ಚಾಗಿ ಗಾಯಗೊಂಡರು.

ಸ್ನಾಯು ಕೆಲವೇ ವಾರಗಳಲ್ಲಿ ಬಲ ಕೂಡಿಸಿಕೊಳ್ಳುತ್ತದೆ, ಸ್ನಾಯುರಜ್ಜು ಮತ್ತು ಮೂಳೆಗೆ ತಿಂಗಳುಗಳು ಬೇಕು. ಬೇಸಿಗೆಯಲ್ಲಿ ಪೂರ್ತಿ ಖಾಲಿ ಬಿಟ್ಟ ದೇಹಕ್ಕೆ ಜೂನ್‌ನ ಮೂರು ವಾರದಲ್ಲಿ ಆ ಬಲ ಬರಲಾರದು. ಮೇ ತಿಂಗಳಿನಲ್ಲಿ ವಾರಕ್ಕೆ ಎರಡು ಮೂರು ದಿನ, ಇಪ್ಪತ್ತು ನಿಮಿಷದ ಹಗುರ ಓಟ, ಒಳತೊಡೆಯ ವ್ಯಾಯಾಮ, ಸ್ವಲ್ಪ ಚೆಂಡಾಟ ಇದ್ದರೆ ಜೂನ್‌ನ ಮೆಟ್ಟಿಲು ಅಷ್ಟು ಕಡಿದಾಗುವುದಿಲ್ಲ.

ನೋವಿನ ಜಾತಿಗಳು

ತೊಡೆಸಂದಿನ ನೋವಿಗೆ ಒಬ್ಬೊಬ್ಬ ವೈದ್ಯರು ಒಂದೊಂದು ಹೆಸರು ಕೊಡುತ್ತಿದ್ದ ಗೊಂದಲ ಬಹುಕಾಲ ಇತ್ತು. 2014ರ ನವೆಂಬರ್‌ನಲ್ಲಿ ಕತಾರ್‌ನ ದೋಹಾದಲ್ಲಿ 14 ದೇಶಗಳ 24 ತಜ್ಞರು ಕೂತು ಒಮ್ಮತಕ್ಕೆ ಬಂದರು. ಅದರಂತೆ ನಾಲ್ಕು ಮುಖ್ಯ ಬಗೆಗಳಿವೆ: ಒಳತೊಡೆಯ ಸ್ನಾಯುಗಳದು, ತೊಡೆಯನ್ನು ಹೊಟ್ಟೆಯ ಕಡೆ ಎತ್ತುವ ಇಲಿಯೊಸೋವಾಸ್ ಸ್ನಾಯುವಿನದು, ಹೊಟ್ಟೆಯ ಕೆಳಗೋಡೆಯ ಇಂಗ್ವೈನಲ್ ಭಾಗದ್ದು, ಪ್ಯೂಬಿಕ್ ಮೂಳೆಯದು. ಸೊಂಟದ ಕೀಲಿನಿಂದ ಬರುವ ನೋವು ಪ್ರತ್ಯೇಕ, ಉಳಿದ ಕಾರಣಗಳು ಇನ್ನೊಂದು ಗುಂಪು. ಒತ್ತಿದರೆ ಎಲ್ಲಿ ನೋಯುತ್ತದೆ, ಯಾವ ಚಲನೆಗೆ ತಡೆಯೊಡ್ಡಿದರೆ ಅದೇ ನೋವು ಬರುತ್ತದೆ ಎಂಬ ಎರಡು ಪ್ರಶ್ನೆಗಳಿಂದಲೇ ವೈದ್ಯರು ಬಹುಪಾಲು ಬಗೆ ಗುರುತಿಸಬಲ್ಲರು. ಒಬ್ಬರಲ್ಲೇ ಎರಡು ಬಗೆ ಕೂಡಿರುವುದೂ ಸಾಮಾನ್ಯ.

ಮಕ್ಕಳಲ್ಲಿ ಆಟದ ನೋವಿನ ವೇಷದಲ್ಲಿ ಬರುವ ಕೆಲವು ಕಾಯಿಲೆಗಳನ್ನು ಬೇರೆ ಮಾಡುವುದೇ ಮೊದಲ ಕೆಲಸ. 10ರಿಂದ 16 ವಯಸ್ಸಿನೊಳಗೆ, ಅದರಲ್ಲೂ ತೂಕ ಹೆಚ್ಚಿರುವ ಮಕ್ಕಳಲ್ಲಿ, ತೊಡೆಮೂಳೆಯ ಗುಂಡುತಲೆ ಬೆಳವಣಿಗೆಯ ಪದರದಲ್ಲಿ ಜಾರಬಹುದು. ನೋವು ತೊಡೆಸಂದಿನಲ್ಲಿ ಬರಬಹುದು, ಬರೀ ಮಂಡಿಯಲ್ಲೂ ಬರಬಹುದು. ಮಗು ಕುಂಟುತ್ತದೆ, ಪಾದ ಹೊರಕ್ಕೆ ತಿರುಗಿರುತ್ತದೆ. ಮಂಡಿಯ ಎಕ್ಸ್‌ರೇ ತೆಗೆದು ಸುಮ್ಮನಾದರೆ ಅದು ತಪ್ಪಿಹೋಗುತ್ತದೆ, ಸೊಂಟದ ಎರಡೂ ಕೀಲುಗಳ ಎಕ್ಸ್‌ರೇ ಬೇಕು. ಖಚಿತವಾಗುವವರೆಗೆ ಆ ಕಾಲಿನ ಮೇಲೆ ಭಾರ ಹಾಕಿಸಬಾರದು. ಜೋರಾಗಿ ಒದ್ದಾಗ ‘ಟಪ್’ ಎಂದು ಸದ್ದಾಗಿ ಕುಸಿದುಬಿದ್ದರೆ ಮೂಳೆಯ ಅಂಚಿನ ಚೂರೊಂದನ್ನು ಸ್ನಾಯು ಕಿತ್ತುಕೊಂಡಿರಬಹುದು. ಹುಡುಗರಿಗೆ ವೃಷಣದಲ್ಲಿ ಅಥವಾ ತೊಡೆಸಂದಿನಲ್ಲಿ ಏಕಾಏಕಿ ತೀವ್ರ ನೋವು, ವಾಂತಿ ಬಂದರೆ ವೃಷಣ ತಿರುಚಿಕೊಂಡಿರುವ ಸಂಭವವಿದೆ. ಸುಮಾರು ಆರು ಗಂಟೆಯೊಳಗೆ ಶಸ್ತ್ರಚಿಕಿತ್ಸೆಯಾಗದಿದ್ದರೆ ಅದು ಉಳಿಯುವುದು ಕಷ್ಟ. ಕೆಮ್ಮಿದಾಗ ಉಬ್ಬುವ ಗಡ್ಡೆ ಹರ್ನಿಯಾ ಇರಬಹುದು. ಬರಿಗಾಲಿನಲ್ಲಿ ಆಡಿ ಅಂಗಾಲಿಗೆ ಮುಳ್ಳು ಚುಚ್ಚಿ ಕೀವಾದರೆ ತೊಡೆಸಂದಿನಲ್ಲಿ ಗಡ್ಡೆ ಕಟ್ಟಿ ನೋಯುತ್ತದೆ, ಅಲ್ಲಿ ಮದ್ದು ಬೇಕಾದದ್ದು ಅಂಗಾಲಿಗೆ. ಜ್ವರ, ರಾತ್ರಿ ಎಬ್ಬಿಸುವ ನೋವು, ತೂಕ ಇಳಿಯುವುದು ಇವುಗಳಲ್ಲಿ ಯಾವುದಿದ್ದರೂ ವೈದ್ಯರ ಬಳಿಗೆ ತಡ ಮಾಡಬಾರದು. ಬೈಲಹೊಂಗಲ, ಸವದತ್ತಿ, ರಾಮದುರ್ಗದ ತಾಲ್ಲೂಕು ಆಸ್ಪತ್ರೆಗಳಲ್ಲಿ ಮೊದಲ ತಪಾಸಣೆ ಸಾಧ್ಯ. ಎಂಆರ್‌ಐನಂಥ ಮುಂದಿನ ಪರೀಕ್ಷೆಗೆ ಬೆಳಗಾವಿ, ಧಾರವಾಡ, ಹುಬ್ಬಳ್ಳಿ ಇವೆ.

ತಪಾಸಣೆಗೆ ದೊಡ್ಡ ಅಡ್ಡಿ ಸಂಕೋಚ. ಮಂಡಿ ನೋವು ಎಂದು ಹೇಳಿದಷ್ಟು ಸಲೀಸಾಗಿ ತೊಡೆಸಂದು ಎಂದು ಹೇಳುವುದು 13ರ ಹುಡುಗನಿಗೂ ಆಗದು, ಹುಡುಗಿಗಂತೂ ಪಿ.ಟಿ. ಸರ್ ಮುಂದೆ ಬಾಯೇ ಬಾರದು. ‘ಕಾಲು ಹಿಡಿದೈತ್ರಿ’ ಎಂಬ ಮಾತಿನಲ್ಲಿ ಎಲ್ಲವೂ ಮುಚ್ಚಿಹೋಗುತ್ತದೆ. ಹುಡುಗಿಯರ ನೋವನ್ನು ಮುಟ್ಟಿನ ನೋವೆಂದು ಬದಿಗಿಡುವುದೂ ಇದೆ. ದುಡಿತಕ್ಕೆ ತಕ್ಕ ಊಟ ಇಲ್ಲದೆ ಮುಟ್ಟೇ ತಪ್ಪಿದ್ದರೆ ಮೂಳೆಯಲ್ಲಿ ಕೂದಲೆಳೆಯ ಬಿರುಕು ಬಿಡುವ ಅಪಾಯ ಹೆಚ್ಚು. ಮನೆಗೆ ಹೋದರೆ ಎಣ್ಣೆ ಹಚ್ಚಿ ಜೋರಾಗಿ ತಿಕ್ಕುವುದು, ನರ ಎಳೆದಿದೆ ಎಂದು ಜಗ್ಗಿಸುವುದು, ಅಂಗಡಿಯ ನೋವಿನ ಗುಳಿಗೆ ನುಂಗಿಸಿ ಮತ್ತೆ ಮೈದಾನಕ್ಕೆ ಕಳಿಸುವುದು ನಡೆಯುತ್ತದೆ. ಎಳೆಯ ಮೂಳೆಯ ಅಂಚು ನೋಯುತ್ತಿರುವಾಗ ತಿಕ್ಕುವುದೂ ಜಗ್ಗುವುದೂ ಅದನ್ನು ಇನ್ನಷ್ಟು ಕೆಣಕುತ್ತವೆ. ಗುಳಿಗೆ ನೋವಿನ ಸೂಚನೆಯನ್ನಷ್ಟೇ ಅಳಿಸುತ್ತದೆ.

ಹಿಂಡಿ ನೋಡುವ ಪರೀಕ್ಷೆ

ಡೆನ್ಮಾರ್ಕ್‌ನ ಸಂಶೋಧಕರು 2017ರಲ್ಲಿ ವಿವರಿಸಿದ ಪರೀಕ್ಷೆಯೊಂದು ಐದು ಸೆಕೆಂಡಿನದು. ಆಟಗಾರ ಕಾಲು ನೀಡಿ ಅಂಗಾತ ಮಲಗಬೇಕು. ಪರೀಕ್ಷಿಸುವವರು ಎರಡು ಪಾದಗಳ ನಡುವೆ ಮುಂಗೈ ಇಡುತ್ತಾರೆ. ಆಟಗಾರ ಐದು ಸೆಕೆಂಡು ಕಾಲುಗಳನ್ನು ಒಳಕ್ಕೆ ಪೂರ್ತಿ ಬಲದಿಂದ ಒತ್ತಿ, ತೊಡೆಸಂದಿನಲ್ಲಿ ನೋವು ಎಷ್ಟೆಂದು 10ಕ್ಕೆ ಅಂಕ ಹೇಳಬೇಕು. 2ರವರೆಗೆ ಹಸಿರು, 3ರಿಂದ 5 ಹಳದಿ, 6 ಮತ್ತು ಮೇಲೆ ಕೆಂಪು. ಹಸಿರಿಗೆ ಆಟ, ಹಳದಿಗೆ ಒದೆತ ಮತ್ತು ತಿರುಗಾಟ ಕಡಿತ, ಕೆಂಪಿಗೆ ಆಟ ನಿಲ್ಲಿಸಿ ತಪಾಸಣೆ. ನೂರಾರು ಮಕ್ಕಳಿಗೆ ಒಬ್ಬರೇ ದೈಹಿಕ ಶಿಕ್ಷಕರಿರುವ ಶಾಲೆಯಲ್ಲೂ ತಂಡದ ಹದಿನೈದು ಮಂದಿಗೆ ಇದನ್ನು ಹತ್ತು ನಿಮಿಷದಲ್ಲಿ ಮುಗಿಸಬಹುದು. ಅಂಕ ಹೇಳುವುದರಿಂದ ಸಂಕೋಚಕ್ಕೂ ಒಂದು ದಾರಿ ಸಿಗುತ್ತದೆ. ಜಾಗದ ಹೆಸರು ಹೇಳಲಾಗದ ಮಗು ‘ನಾಲ್ಕು’ ಎಂದು ಹೇಳಬಲ್ಲದು. ಹುಡುಗಿಯರ ತಂಡದಲ್ಲಿ ಶಿಕ್ಷಕಿಯೋ ಹಿರಿಯ ಆಟಗಾರ್ತಿಯೋ ಇದನ್ನು ನಡೆಸಿದರೆ ಒಳ್ಳೆಯದು.

ಮದ್ದು: ವಿಶ್ರಾಂತಿಯ ನಂತರ ದುಡಿತ

ಬರೀ ವಿಶ್ರಾಂತಿಯಿಂದ ನೋವು ಇಳಿಯುತ್ತದೆ, ಆಟಕ್ಕೆ ಮರಳಿದೊಡನೆ ಮತ್ತೆ ಏರುತ್ತದೆ. ಡೆನ್ಮಾರ್ಕ್‌ನ ಪೇರ್ ಹೋಲ್ಮಿಕ್ ಮತ್ತು ಜತೆಗಾರರು 1999ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನು ಚೆನ್ನಾಗಿ ತೋರಿಸಿತು. ಬಹುಕಾಲದಿಂದ ಒಳತೊಡೆಯ ನೋವಿದ್ದ ಕ್ರೀಡಾಪಟುಗಳಲ್ಲಿ ಒಂದು ಗುಂಪಿಗೆ ಲೇಸರ್, ಮಾಲೀಶು, ಸ್ನಾಯು ಹಿಗ್ಗಿಸುವ ವ್ಯಾಯಾಮ ಮುಂತಾದ ಚಿಕಿತ್ಸೆ. ಇನ್ನೊಂದು ಗುಂಪಿಗೆ 8ರಿಂದ 12 ವಾರ ಒಳತೊಡೆ ಮತ್ತು ಹೊಟ್ಟೆಯ ಸ್ನಾಯುಗಳಿಗೆ ಬಲ ತುಂಬುವ ವ್ಯಾಯಾಮ. ವ್ಯಾಯಾಮದ ಗುಂಪಿನ 29 ಮಂದಿಯಲ್ಲಿ 23 ಮಂದಿ ನೋವಿಲ್ಲದೆ ಹಳೆಯ ಮಟ್ಟದ ಆಟಕ್ಕೆ ಮರಳಿದರು. ಮೊದಲ ಗುಂಪಿನ 30 ಮಂದಿಯಲ್ಲಿ ಮರಳಿದವರು ನಾಲ್ವರು. ಪ್ರಯೋಗದಲ್ಲಿದ್ದವರು ದೊಡ್ಡವರು. ಮಕ್ಕಳಿಗೆ ಇದೇ ದಾರಿ ಹಿಡಿಯುವಾಗ ಮೂಳೆಯ ಅಂಚಿನ ನೋವು ಮೊದಲು ಇಳಿಯಬೇಕು, ವ್ಯಾಯಾಮ ಹಗುರದಿಂದ ಶುರುವಾಗಬೇಕು.

ಮೊದಲ ಹೆಜ್ಜೆ ಅತಿ ಸರಳ. ಅಂಗಾತ ಮಲಗಿ ಮಂಡಿಗಳ ನಡುವೆ ಫುಟ್‌ಬಾಲ್ ಇಟ್ಟು ನೋವಿಲ್ಲದಷ್ಟು ಬಲದಿಂದ ಹಿಂಡಿ ಹಿಡಿಯುವುದು. ಮುಂದಿನದು, ನಿಂತು ಕಾಲನ್ನು ಪಕ್ಕಕ್ಕೆ ಜಾರಿಸಿ ಒಳಕ್ಕೆ ಎಳೆಯುವುದು. ಆಮೇಲೆ ನೇರ ಓಟ, ವೇಗದ ಓಟ, ದಿಕ್ಕು ಬದಲಿಸುವ ಓಟ. ಒದೆತ ಎಲ್ಲಕ್ಕಿಂತ ಕೊನೆಗೆ: ಮೊದಲು ಹತ್ತಿರದ ಪಾಸು, ಬಳಿಕ ದೂರದ್ದು, ಕಡೆಗೆ ಪೂರ್ತಿ ಬಲದ ಶಾಟ್ ಮತ್ತು ಕಾರ್ನರ್. ಪ್ರತಿ ಹಂತದ ಮರುದಿನ ಬೆಳಿಗ್ಗೆ ಹಿಂಡುವ ಪರೀಕ್ಷೆ ಹಸಿರಾಗಿದ್ದರೆ ಮುಂದಕ್ಕೆ, ಇಲ್ಲದಿದ್ದರೆ ಅದೇ ಮೆಟ್ಟಿಲಿನಲ್ಲಿ ಇನ್ನೆರಡು ದಿನ.

ಬಾರದಂತೆ ನೋಡಿಕೊಳ್ಳುವುದು

ತಡೆಯುವ ವ್ಯಾಯಾಮಗಳಲ್ಲಿ ಹೆಚ್ಚು ಪರೀಕ್ಷೆಗೊಳಗಾದದ್ದು ಕೋಪನ್‌ಹೇಗನ್ ವ್ಯಾಯಾಮ. ಇದಕ್ಕೆ ಬೇಕಾದದ್ದು ಒಬ್ಬ ಜತೆಗಾರ ಮಾತ್ರ. ಆಟಗಾರ ಪಕ್ಕಕ್ಕೆ ಮಲಗಿ ಮುಂಗೈ ಊರುತ್ತಾನೆ. ಮೇಲಿನ ಕಾಲನ್ನು ಜತೆಗಾರ ಸೊಂಟದ ಎತ್ತರಕ್ಕೆ ಹಿಡಿಯುತ್ತಾನೆ. ಆಟಗಾರ ಸೊಂಟ ಎತ್ತಿ, ಕೆಳಗಿನ ಕಾಲನ್ನು ಮೇಲಿನದಕ್ಕೆ ತಾಗುವಂತೆ ತಂದು ನಿಧಾನಕ್ಕೆ ಇಳಿಸುತ್ತಾನೆ. ನಾರ್ವೆಯ 35 ತಂಡಗಳ 652 ಆಟಗಾರರ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಋತುವಿಗೆ ಮುನ್ನ ವಾರಕ್ಕೆ ಮೂರು ಬಾರಿ, ಋತುವಿನಲ್ಲಿ ವಾರಕ್ಕೊಮ್ಮೆ ಇದರ ಕಾರ್ಯಕ್ರಮ ಅನುಸರಿಸಿದ ತಂಡಗಳಲ್ಲಿ ತೊಡೆಸಂದಿನ ತೊಂದರೆಯ ಅಪಾಯ ಶೇ 41ರಷ್ಟು ಕಡಿಮೆಯಾಯಿತು. ಮಕ್ಕಳಿಗೆ ಜತೆಗಾರ ಪಾದದ ಬದಲು ಮಂಡಿಯ ಬಳಿ ಹಿಡಿದರೆ ಭಾರ ಇಳಿಯುತ್ತದೆ, ಎಣಿಕೆ ನಾಲ್ಕೈದರಿಂದ ಶುರುವಾದರೆ ಸಾಕು. ಫಿಫಾದ ‘11+’ ಎಂಬ ಮೈಬಿಸಿ ಕಾರ್ಯಕ್ರಮ, ಅದರ ಮಕ್ಕಳ ಆವೃತ್ತಿ ಎರಡಕ್ಕೂ ಸಲಕರಣೆಯ ಖರ್ಚಿಲ್ಲ, ಸುಮಾರು 20 ನಿಮಿಷ ಸಾಕು.

ಇನ್ನು ಹೊರೆಯ ಮಿತಿ. ವಾರಕ್ಕೆ ಒಂದೆರಡು ದಿನ ಪೂರ್ತಿ ಬಿಡುವು, ವರ್ಷದಲ್ಲಿ ಎರಡು ಮೂರು ತಿಂಗಳು ಒಂದೇ ಆಟದಿಂದ ದೂರ ಎಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಸಲಹೆ ಮಾಡುತ್ತದೆ. ಶಿಕಾಗೊ ಭಾಗದ ಅಧ್ಯಯನವೊಂದರಿಂದ ಬಂದ ಸುಲಭ ಸೂತ್ರವೂ ಇದೆ: ವಾರದ ಸಂಘಟಿತ ಆಟದ ಗಂಟೆಗಳು ಮಗುವಿನ ವಯಸ್ಸನ್ನು ಮೀರಬಾರದು. 13ರ ಹುಡುಗಿಗೆ ಎಲ್ಲ ಆಟವೂ ಸೇರಿ ವಾರಕ್ಕೆ 13 ಗಂಟೆ. ಒಂದೇ ಆಟಕ್ಕೆ ಕಟ್ಟುಬೀಳದಿರುವ ಅನುಕೂಲ ಹಳ್ಳಿಯ ಮಕ್ಕಳಿಗೆ ತಾನಾಗಿ ಇದೆ. ಎಲ್ಲ ಆಟಗಳೂ ಒಂದೇ ವಾರದಲ್ಲಿ ಬೀಳುವುದು ಮಾತ್ರ ಆ ಅನುಕೂಲವನ್ನು ಕೆಡಿಸುತ್ತದೆ.

ಆದ್ದರಿಂದ ಲೆಕ್ಕ ಆಟದ ಹೆಸರಿನಲ್ಲಿ ಇರಬಾರದು, ಮಗುವಿನ ಹೆಸರಿನಲ್ಲಿರಬೇಕು. ದೈಹಿಕ ಶಿಕ್ಷಕರ ಬಳಿ ಒಂದು ನೂರು ಪುಟದ ನೋಟ್‌ಬುಕ್, ತಂಡದ ಪ್ರತಿ ಮಗುವಿಗೆ ಒಂದು ಪುಟ. ಅದರಲ್ಲಿ ದಿನಾಂಕ, ಎಲ್ಲ ಆಟದ ಒಟ್ಟು ನಿಮಿಷ, ಕಷ್ಟದ ಅಂಕ, ಹಿಂಡುವ ಪರೀಕ್ಷೆಯ ಅಂಕ. ತಿಂಗಳಿಗೊಮ್ಮೆ ಗೋಡೆಗೆ ನಿಲ್ಲಿಸಿ ಅಳೆದ ಎತ್ತರವೂ ಅಲ್ಲೇ. ಎತ್ತರ ದಿಢೀರನೆ ಏರಿದ ತಿಂಗಳಲ್ಲಿ ಒದೆತದ ಎಣಿಕೆ ಇಳಿಯಬೇಕು. ಹಿಂದಿನ ನಾಲ್ಕು ವಾರದ ಸರಾಸರಿಗಿಂತ ಈ ವಾರ ಒಂದೂವರೆ ಪಟ್ಟಾಗುವಂತಿದ್ದರೆ, ಪಂದ್ಯ ತಪ್ಪಿಸಲಾಗದಿದ್ದರೂ ಅಭ್ಯಾಸ ಇಳಿಸಬಹುದು. ಮೇಲಿನ ಉದಾಹರಣೆಯ ಹುಡುಗನಿಗೆ ಪಂದ್ಯದ 800 ಹಾಗೇ ಇಟ್ಟು, ಅಭ್ಯಾಸವನ್ನು ಮೂರು ದಿನಕ್ಕೆ, 40 ನಿಮಿಷಕ್ಕೆ, ಕಷ್ಟದ ಅಂಕ 4ಕ್ಕೆ ತಂದರೆ 480. ಒಟ್ಟು 1280. ಅವನು ಎರಡೂ ಪಂದ್ಯ ಆಡುತ್ತಾನೆ, ಮುಂದಿನ ವಾರವೂ ಮೈದಾನದಲ್ಲಿರುತ್ತಾನೆ.